ಅಪ್ಪ ಸತ್ತಿದ್ದು ಏನಾಗಿ

ಹನ್ನೊಂದು ವರ್ಷದಿಂದ ಅವನು ಓಡಿಸುತ್ತಿದ್ದುದು ಅದೇ ಬಸ್ಸು, ಅದೇ ದಾರಿ. ದಿನಕ್ಕೆ ಒಂಬತ್ತು ಗಂಟೆ ಕೂತೇ ಕಳೆಯುವ ಮೈ ಅವನದು. ಊಟಕ್ಕೆ ಸಿಗುತ್ತಿದ್ದುದು ಹನ್ನೆರಡು ನಿಮಿಷ. ಅಷ್ಟರಲ್ಲಿ ನಿಲ್ದಾಣದ ಅಂಗಡಿಯ ಕರಿದದ್ದೇನನ್ನೋ ಬಾಯಿಗೆ ತುರುಕಿ, ಮೇಲೆ ಬಣ್ಣದ ಸೋಡಾ ಸುರಿದುಕೊಂಡು ಹೊರಡಬೇಕು. ವಯಸ್ಸು ಮೂವತ್ತನಾಲ್ಕು.

ಮಲದಲ್ಲಿ ರಕ್ತ ಕಂಡ ದಿನ ಅವನಿಗೆ ಗಾಬರಿಗಿಂತ ನಾಚಿಕೆಯೇ ಹೆಚ್ಚಾಯಿತು. ಡಿಪೋದ ಹಿರಿಯ ಚಾಲಕನ ಕಿವಿಯಲ್ಲಿ ಉಸುರಿದ್ದೇ ತಡ, ಸುದ್ದಿ ಎಲ್ಲರ ಬಾಯಿಗೆ ಬಿತ್ತು.

"ಬಾರಪ್ಪಾ ಮದುಮಗ! ಈಗ ನೀನು ಪಕ್ಕಾ ಡ್ರೈವರ್ ಆದೆ. ಮೂಲವ್ಯಾಧಿ ಬರದೇ ಇರೋನು ಸ್ಟೇರಿಂಗ್ ಹಿಡಿದಿದ್ದೇ ಸುಳ್ಳು!"

ನಡುವೆ ತೂತಿದ್ದ ರಬ್ಬರ್ ದಿಂಬೊಂದು ಆ ಡಿಪೋದಲ್ಲಿ ಒಬ್ಬ ಚಾಲಕನಿಂದ ಇನ್ನೊಬ್ಬನಿಗೆ ಬಿರುದಿನಂತೆ ದಾಟುತ್ತಿತ್ತು. ಚಪ್ಪಾಳೆ ತಟ್ಟಿ ಅದನ್ನು ಅವನ ಸೀಟಿಗೆ ಹಾಕಿದರು. ಜೊತೆಗೊಂದು ಮುಲಾಮು. ಅವನೂ ನಕ್ಕ. ಹದಿನಾಲ್ಕು ತಿಂಗಳು ಅದರ ಮೇಲೆ ಕೂತೇ ಓಡಿಸಿದ. ಸೊಂಟದ ಬೆಲ್ಟು ಮೂರು ತೂತು ಒಳಕ್ಕೆ ಹೋಯಿತು. ಹೆಂಡತಿ ಡಾಕ್ಟರ ಮಾತೆತ್ತಿದಾಗಲೆಲ್ಲ, "ಎಲ್ಲರಿಗೂ ಇರೋದೇ ಕಣೇ," ಎಂದು ಬಾಯಿ ಮುಚ್ಚಿಸಿದ.

ಕೊನೆಗೆ ಪರೀಕ್ಷೆಯಾಗುವ ಹೊತ್ತಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಲಿವರಿಗೂ ಹಬ್ಬಿತ್ತು.

ವೈದ್ಯೆ ಕುರ್ಚಿ ಎಳೆದುಕೊಂಡು ಮಂಚದ ಪಕ್ಕ ಕೂತಳು. "ಕೂತೇ ಇರೋ ಕೆಲಸ, ಈ ತಿಂಡಿ, ಸೋಡಾ, ಇವೆಲ್ಲ ಅಪಾಯ ಹೆಚ್ಚು ಮಾಡಬಹುದು. ಆದ್ರೆ ಇಷ್ಟು ಚಿಕ್ಕ ವಯಸ್ಸಲ್ಲಿ ಬಂದಾಗ ವಂಶದಲ್ಲಿ ಇತ್ತಾ ಅಂತ್ಲೂ ನೋಡ್ಬೇಕು. ಇದ್ರೆ ಒಡಹುಟ್ಟಿದವರಿಗೂ ಪರೀಕ್ಷೆ ಆಗ್ಬೇಕು. ನಿಮ್ಮ ತಂದೆ ಏನಾಗಿ ಹೋದ್ರು?"

"ಹಾರ್ಟು," ಎಂದಳು ಬಾಗಿಲ ಬಳಿ ನಿಂತಿದ್ದ ತಾಯಿ, ಥಟ್ಟನೆ.

ವೈದ್ಯೆ ಬರೆದುಕೊಂಡು ಹೋದಳು. ಅಪ್ಪ ಹೋದಾಗ ಅವನಿಗೆ ಒಂಬತ್ತು ವರ್ಷ. ಮರೆಯುವ ವಯಸ್ಸೇನಲ್ಲ.

"ಹಾರ್ಟಿಗೆ ಯಾರಮ್ಮ ಬಾಗಿಲು ಹಾಕ್ಕೊಂಡು ದಿನಾ ರಕ್ತದ ಹಾಸಿಗೆಬಟ್ಟೆ ಒಗೀತಾರೆ?"

ತಾಯಿಯ ಮುಖ ಸಣ್ಣದಾಯಿತು. "ನಿನ್ನ ತಂಗಿ ಕೈಗೂಸಿನ ತಾಯಿ ಕಣೋ. ಅವಳ ಅತ್ತೆ ಕಿವಿಗೆ ಬಿದ್ರೆ ಸುಮ್ನಿರ್ತಾಳಾ? ಹುಳುಕು ವಂಶದಿಂದ ತಂದ್ವಿ ಅಂತ ಹಾಡ್ಕೊಂಡು ತಿರುಗ್ತಾಳೆ."

ನೀನು ಮಾನ ಉಳಿಸಿದೆ, ಮಗನನ್ನಲ್ಲ ಎಂಬ ಮಾತು ಅವನ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡ.

"ನಾನಂತೂ ಹೊರಟೋನು. ಅವಳನ್ನಾದ್ರೂ ಉಳಿಸ್ಕೋಮ್ಮ."

ತಾಯಿ ಕಾರಿಡಾರಿನಲ್ಲಿ ವೈದ್ಯೆಯನ್ನು ಹಿಂಬಾಲಿಸಿ ಹೋಗಿ ಹೇಳಿದಳು: ಗಂಡ ಮೂವತ್ತೊಂಬತ್ತಕ್ಕೆ, ಮೈದುನ ನಲವತ್ತೊಂದಕ್ಕೆ, ಇಬ್ಬರೂ ಕರುಳಿನದೇ ಕಾಯಿಲೆಯಿಂದ ಹೋದರು, ಮಕ್ಕಳಿಗೆ ಮಾತ್ರ ಹಾರ್ಟು ಅಂದಿದ್ದೆವು.

ಅವನ ರಕ್ತದಲ್ಲಿ ವಂಶವಾಹಿಯ ದೋಷ ಸಿಕ್ಕಿತು. ತಂಗಿಗೂ ಅದೇ ಇತ್ತು. ಅವಳ ಕರುಳಿಗೆ ಕ್ಯಾಮೆರಾ ಇಳಿಸಿ ನೋಡಿದಾಗ ಎರಡು ಸಣ್ಣ ಗಂಟುಗಳು ಕಂಡವು. ಇನ್ನೂ ಕ್ಯಾನ್ಸರ್ ಆಗಿರಲಿಲ್ಲ. ಅಲ್ಲೇ ಕತ್ತರಿಸಿ ತೆಗೆದರು. ಬದುಕಿರುವಷ್ಟು ಕಾಲ ವರ್ಷ ಎರಡು ವರ್ಷಕ್ಕೊಮ್ಮೆ ನೋಡಿಸುತ್ತಿರಬೇಕು. ಅತ್ತೆ ಆಡಬೇಕಾದ ಮಾತನ್ನೆಲ್ಲ ಆಡಿದಳು, ಒಂದನ್ನೂ ಬಿಡಲಿಲ್ಲ. ತಂಗಿ ಕೇಳಿಸಿಕೊಂಡು ಮಗುವಿಗೆ ಹಾಲು ಕುಡಿಸಿದಳು.

ಅವನೀಗ ದಿಂಬಿನಿಂದ ತಲೆ ಎತ್ತಲಾರ. ಆದರೂ ತಾಯಿಯ ಕಡೆ ನೋಡಿ, "ಚಿಕ್ಕಪ್ಪನ ಮಕ್ಳು?" ಎಂದ.

ತಾಯಿ ಫೋನನ್ನು ಕೈಗೆತ್ತಿಕೊಂಡಳು. ಮೈದುನನ ಮಗನ ನಂಬರು ಒತ್ತಿದಳು.

"ಏನೋ, ನಾನು ನಿನ್ನ ದೊಡ್ಡಮ್ಮ. ಎಲ್ಲಿದೀಯಾ, ಕೆಲಸದಲ್ಲಾ? ಪರವಾಗಿಲ್ಲ, ಅಲ್ಲೇ ಎಲ್ಲಾದ್ರೂ ಕೂತ್ಕೋ. ನಿಮ್ಮಪ್ಪನ ವಿಷಯ ಹೇಳ್ಬೇಕು."