ನಾನು ಕೈಬಿಟ್ಟ ಪರೀಕ್ಷೆ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಚೆನ್ನೈನ ಅಂಬತ್ತೂರಿನಲ್ಲಿ, ಕಾರ್ಖಾನೆಗಳಿಗೆ ಕಂಟ್ರೋಲ್ ಪ್ಯಾನೆಲ್ ಮಾಡಿಕೊಡುವ ಸಣ್ಣ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಇಂಜಿನಿಯರ್ ಆಗಿದ್ದೆ. ಆಳೆತ್ತರದ ಕಬ್ಬಿಣದ ಪೆಟ್ಟಿಗೆಗಳು. ಬಾಗಿಲ ಮೇಲೆ ಮೀಟರು, ಬಟನ್ನು, ದೀಪ. ಅವನ್ನು ಯಾವ ಸ್ಟ್ಯಾಂಡರ್ಡ್ ಪ್ರಕಾರ ಪರೀಕ್ಷಿಸಬೇಕೆಂದು ತೀರ್ಮಾನಿಸಿ ಸಹಿ ಹಾಕುವುದು ನನ್ನ ಕೆಲಸ.

ನನ್ನ ಜೊತೆ ಪರೀಕ್ಷೆಗೆ ನಿಲ್ಲುತ್ತಿದ್ದವರು ಒಬ್ಬ ಹಿರಿಯ ವೈರ್‌ಮ್ಯಾನ್. ಕೋಲಾರದ ಗಣಿಯ ಊರಿನಲ್ಲಿ ಹುಟ್ಟಿ ಬೆಳೆದ ತಮಿಳರು. ಮಂಡ್ಯದ ಕಡೆಯವಳಾದ ನನಗೆ ಆ ಕಾರ್ಖಾನೆಯಲ್ಲಿ ಕನ್ನಡ ಕೇಳುತ್ತಿದ್ದದ್ದು ಅವರ ಬಾಯಲ್ಲಿ ಮಾತ್ರ. ಅಣ್ಣ ಎಂದೇ ಕರೆಯುತ್ತಿದ್ದೆ.

ಒಮ್ಮೆ ಚೆನ್ನೈ ಹೊರವಲಯದ ಮಣಲಿಯ ರಾಸಾಯನಿಕ ಕಾರ್ಖಾನೆಯೊಂದರಿಂದ ಪಂಪುಗಳ ಪ್ಯಾನೆಲ್‌ಗೆ ಆರ್ಡರ್ ಬಂತು. ‘ಸೂಕ್ತ ಸ್ಟ್ಯಾಂಡರ್ಡ್ ಪ್ರಕಾರ’ ಎಂದಷ್ಟೇ ಬರೆದಿದ್ದರು. ನನ್ನ ಮೇಜಿನ ಮೇಲೆ ಎರಡು ಸ್ಟ್ಯಾಂಡರ್ಡ್‌ಗಳ ಪುಸ್ತಕಗಳಿದ್ದವು. ನಾವು ದಿನವೂ ಬಳಸುತ್ತಿದ್ದ ಹಳೆಯದರ ಪ್ರಕಾರ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತ್ ತಂತಿಗಳನ್ನು ಕಣ್ಣಿಂದ ನೋಡಿ ಸರಿಯಿದೆ ಎಂದು ಬರೆದರೆ ಸಾಕಿತ್ತು. ಇನ್ನೊಂದು, ಹೊರದೇಶಕ್ಕೆ ಹೋಗುವ ಯಂತ್ರಗಳಿಗಾಗಿ ತರಿಸಿದ್ದು. ಬಾಗಿಲೂ ಸೇರಿದಂತೆ ಕೈಗೆ ಸಿಗುವ ಪ್ರತಿ ಲೋಹದ ಭಾಗದಿಂದ ಅರ್ತ್‌ವರೆಗೆ ಕರೆಂಟ್ ಹರಿಸಿ ಅಳೆಯಬೇಕು ಎನ್ನುತ್ತಿತ್ತು ಅದು.

ಪ್ಯಾನೆಲ್ ಸಿದ್ಧವಾದ ದಿನ, ಅದನ್ನು ಒಯ್ಯಲು ಗೇಟಿನ ಬಳಿ ಲಾರಿ ನಿಂತಿತ್ತು. ಮ್ಯಾನೇಜರ್ ಎರಡು ಸಲ ಬಂದು ಇಣುಕಿ ಹೋಗಿದ್ದರು.

“ಬಾಗ್ಲಿಗೂ ಒಂದ್ಸಲ ಕರೆಂಟ್ ಬಿಟ್ಟು ನೋಡ್ಬಿಡೋಣ್ವಾ ಮೇಡಂ?” ಎಂದರು ಅಣ್ಣ. “ಅರ್ಧ ಗಂಟೆ ಕೆಲ್ಸ.”

“ಇದು ಎಕ್ಸ್‌ಪೋರ್ಟ್ ಅಲ್ವಲ್ಲ ಅಣ್ಣ. ನಮ್ಮ ಸ್ಟ್ಯಾಂಡರ್ಡ್‌ನಲ್ಲಿ ಕೇಳಿಲ್ಲ, ಬಿಡಿ.”

“ಸರಿ ಮೇಡಂ” ಎಂದು ಅವರು ವೈರ್ ಸುತ್ತಿಟ್ಟರು. ನಾನು ಸಹಿ ಹಾಕಿದೆ.

ಮೂರು ವಾರದ ನಂತರ ಆ ಪ್ಯಾನೆಲ್ ಚಾಲೂ ಮಾಡಲು ಮಣಲಿಗೆ ಹೋದವರು ಅಣ್ಣನೇ. ಬಾಗಿಲ ಒಳಗಿನ ತಂತಿಯೊಂದು ಕೀಲಿನ ಬಳಿ ಉಜ್ಜಿ ಸಿಪ್ಪೆ ಸುಲಿದು ಬಾಗಿಲಿಗೆ ತಾಕುತ್ತಿತ್ತು. ಬಾಗಿಲಿನ ಅರ್ತ್ ತಂತಿಯ ಬೋಲ್ಟನ್ನು ಬಣ್ಣದ ಮೇಲೇ ಬಿಗಿದಿದ್ದರು. ನೋಡಲು ಎಲ್ಲ ಸರಿ, ಆದರೆ ಕಬ್ಬಿಣಕ್ಕೆ ಕಬ್ಬಿಣ ತಾಕಿರಲಿಲ್ಲ. ಅಣ್ಣ ಹಿಡಿಕೆಗೆ ಕೈ ಹಾಕಿದರು, ಬಿಡಿಸಿಕೊಳ್ಳಲು ಆಗಲಿಲ್ಲ. ಯಾರೋ ಓಡಿಹೋಗಿ ಮೇನ್ ಸ್ವಿಚ್ ಆರಿಸಿದರಂತೆ. ಜೀವ ಉಳಿಯಿತು. ಬಲಗೈಯ ಎರಡು ಬೆರಳನ್ನು ಆಸ್ಪತ್ರೆಯಲ್ಲಿ ತೆಗೆದರು, ಉಳಿದವು ಮಡಚಿಕೊಂಡೇ ನಿಂತವು.

ವಿಚಾರಣೆ ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ಮ್ಯಾನೇಜರ್ ನನ್ನ ವರದಿಯನ್ನು ಮುಂದಿಟ್ಟರು. ಆರಿಸಿದ ಸ್ಟ್ಯಾಂಡರ್ಡ್ ತಪ್ಪಲ್ಲ, ಅದು ಕೇಳಿದ ಪರೀಕ್ಷೆಗಳೆಲ್ಲ ಆಗಿವೆ, ಇಂಜಿನಿಯರ್ ಮೇಲೆ ದೋಷವಿಲ್ಲ ಎಂದು ತೀರ್ಮಾನವಾಯಿತು. ಅಣ್ಣ ಕೇಳಿದ್ದನ್ನು ಅಲ್ಲಿ ಯಾರೂ ಎತ್ತಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ತಾಂಬರಂನ ಅವರ ಮನೆಗೆ ಹೋಗಲು ನನಗೆ ಒಂದು ತಿಂಗಳು ಬೇಕಾಯಿತು. ಅವರ ಹೆಂಡತಿ ಕಾಫಿ ತಂದಿಟ್ಟು ನನ್ನ ಮುಖ ನೋಡದೆ ಒಳಗೆ ಹೋದರು. ಅಣ್ಣ ಎಡಗೈಯಲ್ಲಿ ಲೋಟ ಎತ್ತಿದರು.

“ಅವತ್ತು ನೀವು ಹೇಳಿದ್ರಿ...” ಎಂದೆ.

“ಹೇಳ್ದೆ, ಆದ್ರೆ ಒಂದೇ ಸಲ ಹೇಳ್ದೆ” ಎಂದರು ಅವರು. “ಇನ್ನೊಂದ್ಸಲ ಜೋರಾಗಿ ಹೇಳ್ಬೇಕಿತ್ತು. ತಪ್ಪು ನಂದೇ ಮೇಡಂ.”

ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ. ರೈಲಿನಲ್ಲಿ ಬಾಗಿಲ ಕಂಬಿಗೆ ಒರಗಿ ಬಂದೆ.

ಅದಾದ ಮೇಲೆ ಪ್ರತಿ ಪ್ಯಾನೆಲ್‌ಗೂ ಬಾಗಿಲಿನ ಪರೀಕ್ಷೆ ಸೇರಿಸಿದೆ. ಮ್ಯಾನೇಜರ್ ಗೊಣಗಿದರು, ಆಮೇಲೆ ಸುಮ್ಮನಾದರು. ಅಣ್ಣನನ್ನು ಸ್ಟೋರಿನಲ್ಲಿ ಕೂರಿಸಿದರು. ನಟ್ಟು ಬೋಲ್ಟು ಎಣಿಸಿಕೊಡುತ್ತ ವರ್ಷ ಕಳೆದು, ಒಂದು ದಿನ ಹೇಳದೆ ಕೆಲಸ ಬಿಟ್ಟರು. ಕೋಲಾರದ ಕಡೆಗೇ ಹೋದರಂತೆ.

ಕೆಲವು ವರ್ಷಗಳ ನಂತರ ನಾನೂ ಬಿಟ್ಟೆ. ನನ್ನ ಜಾಗಕ್ಕೆ ಬಂದ ಇಂಜಿನಿಯರ್ ಪರೀಕ್ಷೆಗಳ ಪಟ್ಟಿ ಓದುತ್ತ, “ಈ ಬಾಗಿಲ ಟೆಸ್ಟ್ ಎಲ್ಲದಕ್ಕೂ ಯಾಕೆ ಮೇಡಂ?” ಎಂದು ಕೇಳಿದ. ಎರಡನೆಯ ಪುಸ್ತಕ ತೆರೆದು ಪುಟ ತೋರಿಸಿದೆ. ಅಣ್ಣನ ವಿಷಯ ಅವನಿಗೂ ಹೇಳಲಿಲ್ಲ.