ಬೈಗುಳ ಹಾಡಾದದ್ದು

ಚೆನ್ನೈನ ಸ್ಟುಡಿಯೋಗಳಲ್ಲಿ ಗುಂಪಿನೊಳಗೆ ಕೂತು ಪಿಟೀಲು ನುಡಿಸುವುದು ನನ್ನ ಕಸುಬು. ಸಿನಿಮಾದ ನಾಯಕಿ ಅತ್ತರೆ ಅವಳ ಹಿಂದೆ ಅಳುವವರು ನಾವು. ಸೀರೆ ಅಂಗಡಿಯ ಜಾಹೀರಾತಿನಲ್ಲಿ ಸೆರಗು ಹಾರಿದರೆ ಹಾರಿಸುವವರೂ ನಾವೇ. ಅಪ್ಪ ರೈಲ್ವೆ ಕೆಲಸಕ್ಕೆಂದು ಹಾಸನದ ಕಡೆಯಿಂದ ಬಂದು ಕ್ರೋಂಪೇಟೆಯಲ್ಲಿ ನೆಲೆಸಿದವರು. ನಾನು ಹುಟ್ಟಿದ್ದು, ಕಲಿತದ್ದು, ಮದುವೆಯಾದದ್ದು ಎಲ್ಲ ಇಲ್ಲೇ.

ನನ್ನ ಜೊತೆ ಒಂದೇ ಸ್ಟ್ಯಾಂಡಿನ ಸ್ವರದ ಹಾಳೆ ನೋಡಿ ನುಡಿಸುವ ಹಿರಿಯರೊಬ್ಬರಿದ್ದಾರೆ. ಉಡುಪಿ ಕಡೆಯವರು. ಅವರ ಅಣ್ಣ ಪಲ್ಲಾವರಂನಲ್ಲಿ ಹೋಟೆಲು ನಡೆಸುತ್ತಾರೆ. ದೋಸೆಕಲ್ಲಿನ ಮುಂದೆ ನಿಲ್ಲಲು ಒಪ್ಪದೆ ಇವರು ಪಿಟೀಲು ಹಿಡಿದರು. ಸ್ಟುಡಿಯೋದಲ್ಲಿ ನಾವಿಬ್ಬರು ಮಾತ್ರ ಕನ್ನಡದವರು. ಅದರಿಂದ ಅವರಿಗೊಂದು ಅನುಕೂಲ: ಯಾರನ್ನು ಬೇಕಾದರೂ ನನ್ನ ಕಿವಿಯ ಹತ್ತಿರ ಧಾರಾಳವಾಗಿ ಬೈಯಬಹುದು.

ಕಳೆದ ವರ್ಷ ಒಂದು ಪಾಪ್ ಹಾಡಿಗೆ ನಮ್ಮನ್ನು ಕರೆದರು. ಸಿನಿಮಾದ್ದಲ್ಲ, ಒಂಟಿ ಹಾಡು. ಹಾಡುವವಳು ಹೆಸರು ಮಾಡಿದ ಹುಡುಗಿ. ಅವಳ ಜೊತೆಗೆ ಒಬ್ಬ ‘ಶಬ್ದ ಕಲಾವಿದ’. ಅವನು ಯಾವ ವಾದ್ಯವನ್ನೂ ನುಡಿಸುವುದಿಲ್ಲ ಎಂದು ಅವಳು ನಮಗೆ ಪರಿಚಯಿಸಿದ್ದು ಅದೊಂದು ಬಿರುದು ಎಂಬಂತೆ. ಆತ ಬರಿಗಾಲಲ್ಲಿ ಬಂದಿದ್ದ. ಹೊರಗೆ ಕಾರಿನ ಹತ್ತಿರ ಅವನ ಡ್ರೈವರ್ ಚಪ್ಪಲಿ ಹಿಡಿದು ನಿಂತಿದ್ದನ್ನು ನಾನು ಒಳಗೆ ಬರುವಾಗಲೇ ನೋಡಿದ್ದೆ.

ಸ್ವರ ಬರೆದುಕೊಟ್ಟವರು ಬಲ್ಲವರು. ಮೊದಲ ಸಲ ನುಡಿಸಿದಾಗಲೇ ಗೊತ್ತಾಯಿತು, ಚೆಲ್ಲೋಗಳು ಕೆಳಗಿನ ಸ್ಥಾಯಿಯಿಂದ ಎದ್ದು ಬಂದು ನಮ್ಮ ಕೈಗೆ ರಾಗವನ್ನು ಒಪ್ಪಿಸುವ ಜಾಗ ಅಷ್ಟು ಚೆನ್ನಾಗಿತ್ತು. ಹಿರಿಯರು ಕೂಡ ಏನೂ ಬೈಯದೆ ನುಡಿಸಿದರು. ಶಬ್ದ ಕಲಾವಿದ ಕಣ್ಣು ಮುಚ್ಚಿ ಕೇಳಿದ. ಆಮೇಲೆ ಎದ್ದು ಬಂದು, “ತುಂಬಾ ಸುಂದರವಾಗಿದೆ. ಅದೇ ತೊಂದರೆ,” ಎಂದು ಇಂಗ್ಲಿಷಿನಲ್ಲಿ ಹೇಳಿದ.

ಅಲ್ಲಿಂದ ಶುರುವಾಯಿತು ನಮ್ಮ ಗ್ರಹಚಾರ. ತಂತಿ ಸಡಿಲ ಮಾಡಿ ನುಡಿಸಿ ಅಂದ. ಕಮಾನು ತಿರುಗಿಸಿ ಕಡ್ಡಿಯಿಂದ ಕುಟ್ಟಿ ಅಂದ. ಕಲಿತದ್ದನ್ನೆಲ್ಲ ಮರೆತುಬಿಡಿ ಅಂದ. ಏನನ್ನೂ ಕಲಿಯದವನಿಗೆ ಅದು ಸುಲಭವೆಂದೇ ತೋರಿರಬೇಕು. ಪಲ್ಲಾವರಂ ಸಂತೆಯಲ್ಲಿ ಹಳೆಯ ಫ್ಯಾನುಗಳ ಸದ್ದು ಹಿಡಿದು ತಂದಿದ್ದನಂತೆ. ಅದನ್ನು ನಮ್ಮ ಹೆಡ್‌ಫೋನಿಗೆ ಬಿಟ್ಟು, “ಇದರ ಜೊತೆ ಸಂಭಾಷಣೆ ಮಾಡಿ,” ಎಂದ. ಹಾಡುವವಳು ಗಾಜಿನ ಆಚೆ ಕೂತು ಎಲ್ಲಕ್ಕೂ ತಲೆದೂಗುತ್ತಿದ್ದಳು. ಸ್ವರ ಬರೆದವರು ಟೀ ಕುಡಿದು ಬರುತ್ತೇನೆಂದು ಹೋದವರು ತಿರುಗಿ ಬರಲಿಲ್ಲ.

ಮಧ್ಯಾಹ್ನ ಊಟ ಮುಗಿಸಿ ಬಂದು ನಾವು ಶ್ರುತಿ ಮಾಡಿಕೊಳ್ಳುತ್ತಿದ್ದೆವು. ಸಡಿಲಗೊಳಿಸಿದ ತಂತಿ ಮತ್ತೆ ಹಿಡಿತಕ್ಕೆ ಬರಲೊಲ್ಲದು. ಹಿರಿಯರ ಪಿಟೀಲಿನ ಬಿರಡೆ ಜಾರುತ್ತಲೇ ಇತ್ತು. ಅವರು ನನ್ನ ಕಡೆ ತಿರುಗಿ ಜೋರಾಗಿಯೇ ಅಂದರು:

“ಇದೆಂಥ ಸಾವು ಮಾರಾಯ್ತಿ!”

ನಾನು ನಕ್ಕೆ. ಮೈಕು ತೆರೆದೇ ಇದೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಕೆಲವು ತಿಂಗಳ ಮೇಲೆ ಹಾಡು ಬಂತು. ಮಗಳು ಫೋನು ಹಿಡಿದು ಅಡುಗೆಮನೆಗೆ ಓಡಿ ಬಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲೇ. “ಅಮ್ಮಾ, ಇದು ನಮ್ಮ ಅಂಕಲ್ ವಾಯ್ಸ್ ದಾನೇ? ಕೇಳು ಮಾ!”

ಕೇಳಿದೆ. ನಾವು ನುಡಿಸಿದ್ದರಲ್ಲಿ ಒಂದು ಸಾಲೂ ಉಳಿದಿರಲಿಲ್ಲ. ಉಳಿದದ್ದು ಶ್ರುತಿ ಮಾಡುವಾಗಿನ ಕಿರಿಕಿರಿ, ಫ್ಯಾನಿನ ಗೊರಗೊರ, ಅದರ ಮೇಲೆ ಅವಳ ಉಸಿರು ಬೆರೆಸಿದ ಹಾಡು. ಪಲ್ಲವಿಯ ಜಾಗದಲ್ಲಿ, ಗುಹೆಯೊಳಗಿಂದ ಬಂದ ಹಾಗೆ ಹಿಗ್ಗಿಸಿದ ಹಿರಿಯರ ದನಿ: ಸಾವು ಮಾರಾಯ್ತಿ, ಸಾವು ಮಾರಾಯ್ತಿ, ಸಾವು ಮಾರಾಯ್ತಿ.

ಒಂದು ಸಂದರ್ಶನದಲ್ಲಿ ಶಬ್ದ ಕಲಾವಿದ ಅದನ್ನು ವಿವರಿಸಿಯೂ ಬಿಟ್ಟ. ಅದು ಕರಾವಳಿಯ ಪ್ರಾಚೀನ ಶೋಕಮಂತ್ರವಂತೆ. ಮಾರಾಯ್ತಿ ಎಂದರೆ ಮೃತ್ಯುದೇವತೆಯಂತೆ. ವಾದಕರೊಬ್ಬರ ಬಾಯಿಂದ ಅದು ಅಪ್ರಜ್ಞಾಪೂರ್ವಕವಾಗಿ ಹೊಮ್ಮಿತಂತೆ. ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು. ಯಾರನ್ನಾದರೂ ಒಂದು ಮಾತು ಕೇಳಿದ್ದರೆ ಸಾಕಿತ್ತು. ಇಂಥವರು ಕೇಳುವುದಿಲ್ಲ, ಅನುಭವಿಸುತ್ತಾರೆ.

ಎಲೆಕ್ಟ್ರಿಕ್ ಟ್ರೇನಿನಲ್ಲಿ ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಅದನ್ನು ಗುನುಗತೊಡಗಿದರು. ಹಿರಿಯರ ಅಣ್ಣನ ಹೋಟೆಲಿನಲ್ಲಿ ಸಪ್ಲೈ ಮಾಡುವವರು ಸಾಂಬಾರು ತರುವಾಗ ಅದನ್ನೇ ಹಾಡಿ ಬೈಸಿಕೊಂಡರು. ಹಿರಿಯರು ಮೊದಲು ನಕ್ಕರು, ಆಮೇಲೆ ನಗಲಿಲ್ಲ. ಹಾಡು ಗೆದ್ದ ಸಂಭ್ರಮಕ್ಕೆ ಸಭಾಂಗಣದಲ್ಲಿ ಕಾರ್ಯಕ್ರಮ, ವಾದಕರೆಲ್ಲ ಬರಬೇಕು ಎಂದು ಫೋನು ಬಂದಾಗ ನಾನು ಬೇಡವೆಂದೆ. ಅವರು ಒಪ್ಪಲಿಲ್ಲ.

“ನಾನು ಹೋಗ್ತೇನೆ. ಮೈಕು ಕೊಟ್ರೆ ಇದ್ದದ್ದು ಇದ್ದ ಹಾಗೆ ಹೇಳ್ತೇನೆ. ಅವನಿಗೆ ಸ್ವಲ್ಪವಾದ್ರೂ ನಾಚಿಕೆ ಆಗ್ಲಿ.”

ಮೈಕು ಕೊಟ್ಟರು. ಮಂತ್ರವನ್ನು ಮತ್ತೊಮ್ಮೆ ಹೇಳಿ ಎಂದು ಶಬ್ದ ಕಲಾವಿದ ಕೈಮುಗಿದು ಕೇಳಿಕೊಂಡ. ಹಿರಿಯರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ನೆಟ್ಟಗೆ ನಿಂತು ತಮಿಳಿನಲ್ಲಿ ಹೇಳಿದರು: “ಇದು ಮಂತ್ರ ಅಲ್ಲ. ಮಾರಾಯ್ತಿ ದೇವತೆಯಲ್ಲ, ಇಗೋ ಇಲ್ಲಿ ಕೂತಿದ್ದಾಳೆ, ಕ್ರೋಂಪೇಟೆಯವಳು. ನಮ್ಮ ಕಡೆ ಹೆಂಗಸರನ್ನು ಸಲುಗೆಯಿಂದ ಕರೆಯುವುದೇ ಹಾಗೆ. ಈ ಮನುಷ್ಯ ಒಳ್ಳೆಯ ಸಂಗೀತವನ್ನು ಹಾಳು ಮಾಡುತ್ತಿದ್ದ, ನನಗೆ ಸಾಕಾಗಿತ್ತು, ಬೈದೆ. ಅಷ್ಟೇ.”

ಈಗ ಅವನ ಮರ್ಯಾದೆ ಹೋಯಿತು ಎಂದು ನಾನು ಖುಷಿಪಟ್ಟೆ. ಆಮೇಲೆ ಯಾರೋ ಸಿಳ್ಳೆ ಹಾಕಿದರು. ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಇದೂ ಪ್ರಯೋಗದ ಭಾಗವೆಂದೇ ಅವರು ತಿಳಿದರು. ಶಬ್ದ ಕಲಾವಿದ ಓಡಿ ಬಂದು ಹಿರಿಯರ ಕಾಲಿಗೆ ಬಿದ್ದ. ಹಾಡುವವಳು ಅಪ್ಪಿಕೊಂಡಳು. ಅದನ್ನೂ ರೆಕಾರ್ಡ್ ಮಾಡಿದ್ದರು. ಮುಂದಿನ ವಾರವೇ ಆ ಭಾಷಣವನ್ನೂ ಸೇರಿಸಿ ಹಾಡಿನ ಇನ್ನೊಂದು ರೂಪ ಹೊರಬಂತು.

ಅವತ್ತು ಕಾರ್ಯಕ್ರಮ ಮುಗಿಸಿ ಹಿರಿಯರೂ ನಾನೂ ಟ್ರೇನಿನಲ್ಲಿ ವಾಪಸಾದೆವು. ಪಲ್ಲಾವರಂ ಹತ್ತಿರ ಬಂದಾಗ ಅವರು, “ಇವರನ್ನು ಬೈಯಲಿಕ್ಕೂ ಆಗುದಿಲ್ಲ ಮಾರಾಯ್ತಿ. ಬೈದದ್ದನ್ನೂ ತಿಂತಾರೆ,” ಎಂದು ಇಳಿದು ಹೋದರು.

ಆಮೇಲೆ ಹಾಡುವವಳಿಂದ ನನಗೇ ಫೋನು ಬಂತು. ಹಾಡಿನ ವಿಡಿಯೋದಲ್ಲಿ ಮುಖಕ್ಕೆ ಬಣ್ಣ ಬಳಿದುಕೊಂಡು ನಾನು ಮಾರಾಯ್ತಿಯಾಗಿ ಕೂರಬೇಕಂತೆ. ಅದು ತುಂಬಾ ನಿಜವಾಗಿರುತ್ತದಂತೆ. ಅನ್ನಕ್ಕಿಟ್ಟಿದ್ದೇನೆ ಎಂದು ಹೇಳಿ ಫೋನಿಟ್ಟೆ.

ನಾವು ಈಗಲೂ ಸಿನಿಮಾಗಳಿಗೆ ನುಡಿಸುತ್ತೇವೆ, ಒಂದೇ ಸ್ಟ್ಯಾಂಡಿನ ಹಾಳೆ ನೋಡಿ. ಆದರೆ ಹಿರಿಯರು ಸ್ಟುಡಿಯೋ ಬಾಗಿಲು ದಾಟಿದ ಮೇಲೆ ಬಾಯಿ ಬಿಡುವುದಿಲ್ಲ. ಯಾರೋ ಅಪಸ್ವರ ನುಡಿಸುತ್ತಾರೆ, ಯಾರೋ ತಾಳ ತಪ್ಪುತ್ತಾರೆ. ಹಿಂದೆ ಆಗಿದ್ದರೆ ನನ್ನ ಕಿವಿಗೆ ಹಬ್ಬ. ಈಗ ಅವರು ಮೊದಲು ಮೈಕಿನ ಕಡೆ ನೋಡುತ್ತಾರೆ, ಆಮೇಲೆ ತುಟಿ ಬಿಗಿಹಿಡಿದು ಕಮಾನಿಗೆ ರೋಸಿನ್ ರಾಳ ತಿಕ್ಕುತ್ತಾರೆ. ಅಷ್ಟೊಂದು ತಿಕ್ಕುವ ಅಗತ್ಯವಿಲ್ಲ. ನಾನು ಹಾಳೆ ತಿರುವುತ್ತೇನೆ.