ಓದಿ ಹೇಳದ ಕರಾರು

ನಾಲ್ಕು ವರ್ಷಗಳ ಹಿಂದೆ ಹುಮನಾಬಾದಿನ ಕೋರ್ಟಿನಲ್ಲಿ ನನ್ನ ವಕೀಲಿಕೆಗೆ ಇಪ್ಪತ್ತೆರಡು ವರ್ಷ ತುಂಬಿತ್ತು. ಹೊಲದ ಪಾಲು, ಬದುವಿನ ಜಗಳ ಬಿಟ್ಟು ಬೇರೇನೂ ಹೆಚ್ಚು ಕಂಡವನಲ್ಲ. ಅಂಥವನ ಮುಂದೆ ಹುಡಗಿ ಎಂಬ ಪಕ್ಕದ ಊರಿನ ಮಹಾದೇವಿ ಮೊಬೈಲ್ ಇಟ್ಟಳು.

ಅವಳ ತಂದೆ ಶರಣಪ್ಪ ಗೋಡೆ ಕಟ್ಟುವ ಗೌಂಡಿ. ಬಸವಕಲ್ಯಾಣದಲ್ಲಿ ಕಟ್ಟಡದ ಮೇಲಿನಿಂದ ಬಿದ್ದು ಸೊಂಟ ಮುರಿದು ಹಾಸಿಗೆ ಹಿಡಿದಿದ್ದ. ಮಗಳು ದುಡ್ಡು ಕೊಟ್ಟು ಕೊಂಡ ವಿಡಿಯೊ ಗೇಮಿನಲ್ಲಿ ಒಂದೊಂದೇ ಕಲ್ಲಿಟ್ಟು ಅರಮನೆಯಂಥ ವಾಡೆ ಕಟ್ಟುತ್ತಿದ್ದ. ಒಂದು ಖಾತೆಯಲ್ಲಿ ಇಬ್ಬರು ಆಡುತ್ತಾರೆಂದು ಕಂಪನಿ ಖಾತೆಗೆ ಬೀಗ ಹಾಕಿತ್ತು.

ಆಟಕ್ಕೂ ವಕೀಲನೇ ಎಂದು ನಕ್ಕೆ.

"ನಗಬ್ಯಾಡ್ರಿ ಸಾಹೇಬ್ರ. ಮನಿಗೆಲ್ಲ ಇರೋದು ಒಂದ ಫೋನ್. ಅಪ್ಪ ಈಗ ಉಣ್ಣಾಕೂ ಒಲ್ಲೆ ಅನ್ನಾಕತ್ತಾನ್ರಿ."

ನಾಚಿಕೆಯಾಯಿತು. ನಮ್ಮಲ್ಲಿ ಖರೀದಿ ಪತ್ರವನ್ನು ಪೂರ್ತಿ ಓದಿ ಹೇಳದೆ ಯಾರ ಹೆಬ್ಬೆಟ್ಟನ್ನೂ ಒತ್ತಿಸುವುದಿಲ್ಲ. ಹಾಗೆಯೇ ಹುಡಗಿಗೆ ಹೋಗಿ, ಮಂಚದ ಪಕ್ಕ ಕೂತು, ಇಂಗ್ಲಿಷಿನ ಲೈಸೆನ್ಸ್ ಕರಾರನ್ನು ಕನ್ನಡದಲ್ಲಿ ಓದಿ ಹೇಳಿದೆ. ನೀವು ಕೊಂಡದ್ದು ಆಟವನ್ನಲ್ಲ, ಆಡುವ ಅನುಮತಿಯನ್ನು ಮಾತ್ರ. ಅದನ್ನು ಕಂಪನಿ ಯಾವಾಗ ಬೇಕಾದರೂ ಹಿಂಪಡೆಯಬಹುದು ಎಂಬಲ್ಲಿ ಶರಣಪ್ಪ ಕೈ ಎತ್ತಿದ.

"ಹಂಗಾದ್ರ ಒತ್ತೋ ಗುಂಡಿ ಮ್ಯಾಲ ಖರೀದಿ ಅಂತ ಯಾಕ ಬರದಾರ್ರಿ?"

ಒಂದೇ ಕಡೆಗೆ ವಾಲಿದ ಕರಾರನ್ನು ಗ್ರಾಹಕರ ಕಾನೂನಿನಡಿ ಪ್ರಶ್ನಿಸಬಹುದು ಎಂದು ಕಂಪನಿಗೆ ನೋಟಿಸ್ ಬರೆದೆ. ಬೇರೆ ಕೇಸು ನಡೆಯುವಾಗಲೂ ಉತ್ತರ ಬಂತೇ ಎಂದು ಜೇಬಿನ ಮೊಬೈಲ್ ಮುಟ್ಟಿ ನೋಡುತ್ತಿದ್ದೆ.

ಮೂರು ವಾರ ಕಳೆದ ಮೇಲೆ ಕಂಪನಿಯ ವಕೀಲರು ವಿಡಿಯೊ ಕರೆಯಲ್ಲಿ ಸಿಕ್ಕರು. ಸಾಕ್ಷಿಗೆಂದು ನಾನೂ ನನ್ನ ಮೊಬೈಲಿಗೆ ಆಟವನ್ನು ಇಳಿಸಿಕೊಂಡು, ನೋಟಿಸಿನಲ್ಲಿ ಹಾಗೆಂದು ಬರೆದಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಒಪ್ಪಿಗೆ ಒತ್ತುವ ಮೊದಲು ನೀವು ಕರಾರು ಓದಿದ್ದಿರಾ?"

ಹುಡಗಿಯಲ್ಲಿ ಓದಿ ಹೇಳುವ ಎರಡು ದಿನ ಮೊದಲೇ ಕಣ್ಣು ಮುಚ್ಚಿ ಒತ್ತಿದ್ದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಓದಿರಲಿಲ್ಲ. ಕರಾರು ಓದುವುದೇ ಕಸುಬಾದವನು ಓದದೆ ಒತ್ತಿದೆ. ಅದನ್ನೂ ಬರೆದುಕೊಳ್ಳಿ."

ತಪ್ಪು ಒಪ್ಪದೆ, 'ಸೌಜನ್ಯಕ್ಕಾಗಿ' ಎಂದು ಬರೆದು ಕಂಪನಿ ಖಾತೆಯ ಬೀಗ ತೆರೆಯಿತು. ಇನ್ನು ಮಗಳೊಬ್ಬಳೇ ಆಡಬೇಕು ಎಂದಿತು. ಕರಾರು ನ್ಯಾಯವೋ ಅನ್ಯಾಯವೋ ಯಾರೂ ತೀರ್ಪು ಕೊಡಲಿಲ್ಲ. ಆ ಚಡಪಡಿಕೆ ಇನ್ನೂ ಹೋಗಿಲ್ಲ. ಅಂದಿನಿಂದ ಕಕ್ಷಿದಾರರಿಗೆ ಪತ್ರ ಓದಿ ಹೇಳಿ ಸುಮ್ಮನಾಗುವುದಿಲ್ಲ. ಬೇಡ ಅನ್ನಲು ನಿಮಗೆ ದಾರಿ ಇದೆಯೇ ಎಂದೂ ಕೇಳುತ್ತೇನೆ.

ಅದನ್ನು ಕಲಿಸಿದವನು ಶರಣಪ್ಪ. ಬೀಗ ತೆರೆದ ದಿನ ನಾನು ಹುಡಗಿಗೆ ಹೋಗಿದ್ದೆ. ವಾಡೆಗಿಂತ ಮೊದಲು ಪರದೆಯ ಮೇಲೆ ಬಂದದ್ದು ಹೊಸ ಕರಾರು. ಒಪ್ಪದಿದ್ದರೆ ಆಟವಿಲ್ಲ. ಶರಣಪ್ಪ ಮಗಳ ಕೈ ತಡೆದು, ನನ್ನಿಂದ ಪೂರ್ತಿ ಓದಿಸಿಕೊಂಡ. ಯಾವಾಗ ಬೇಕಾದರೂ ಹಿಂಪಡೆಯಬಹುದು ಎಂಬ ಹಳೆಯ ಷರತ್ತು ಹಾಗೇ ಇತ್ತು.

"ನಾ ಒಪ್ಪಿಲ್ಲ ಅನ್ನೋದು ನೆಪ್ಪಿನ್ಯಾಗ ಇಟ್ಕೋರಿ ಸಾಹೇಬ್ರ," ಎಂದ. ಆಮೇಲೆ ಮಗಳತ್ತ ತಿರುಗಿದ. "ಒತ್ತವ್ವ."